ಆರೋಗ್ಯ ಹಣಕಾಸು: ನೀತಿ ರೂಪಿಸುವವರಿಗೆ ತರಬೇತಿ ನಡೆಸುವುದು ಹೇಗೆ?

‘ನಮ್ಮ ಅಧಿಕಾರಿಗಳಿಗೆ ಆರೋಗ್ಯ ಹಣಕಾಸಿನ ಬಗ್ಗೆ ಒಂದು ತರಬೇತಿ ಇಡಬೇಕು, ಎಲ್ಲಿಂದ ಶುರು ಮಾಡಲಿ?’ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಜಿಲ್ಲಾ ಮಟ್ಟದ ವೈದ್ಯಾಧಿಕಾರಿಗಳು ಕೇಳುತ್ತಾರೆ, ಸ್ವಯಂಸೇವಾ ಸಂಸ್ಥೆಯವರು ಕೇಳುತ್ತಾರೆ, ಸಾರ್ವಜನಿಕ ಆರೋಗ್ಯ ಓದುತ್ತಿರುವ ಮಕ್ಕಳು ಕೇಳುತ್ತಾರೆ. ಆಫ್ರಿಕಾದ ದೇಶಗಳಲ್ಲಿ ಕೆಲಸ ಮಾಡುವ ಕನ್ನಡಿಗ ವೈದ್ಯರೂ ಕೇಳಿದ್ದುಂಟು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿ, ಐದು ದಿನದ ಒಂದು ತರಬೇತಿಯನ್ನು ಕಟ್ಟುವ ಬಗೆಯನ್ನು ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಸಾರ್ವತ್ರಿಕ ಆರೋಗ್ಯ ರಕ್ಷಣೆ ಎಂದರೆ ಬೇಕಾದವರಿಗೆ ಬೇಕಾದ ಚಿಕಿತ್ಸೆ ಒಳ್ಳೆಯ ಗುಣಮಟ್ಟದಲ್ಲಿ ಸಿಗಬೇಕು, ಅದಕ್ಕಾಗಿ ಯಾರೂ ಹಸು ಮಾರಬಾರದು, ಒಡವೆ ಅಡ ಇಡಬಾರದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಬ್ಯಾಂಕಿನ 2023ರ ವರದಿಯ ಪ್ರಕಾರ ಜಗತ್ತಿನ ಸುಮಾರು 450 ಕೋಟಿ ಜನರಿಗೆ ಅಗತ್ಯ ಆರೋಗ್ಯ ಸೇವೆಗಳು ಪೂರ್ತಿಯಾಗಿ ಸಿಗುತ್ತಿಲ್ಲ. ಚಿಕಿತ್ಸೆಯ ಖರ್ಚಿನಿಂದ ಕಷ್ಟಕ್ಕೆ ಬಿದ್ದವರು ಸುಮಾರು 200 ಕೋಟಿ.

ಇನ್ನು ಆರೋಗ್ಯ ಹಣಕಾಸು. ಅದರಲ್ಲಿ ಮೂರು ಕೆಲಸಗಳಿವೆ. ಹಣ ಎತ್ತುವುದು: ತೆರಿಗೆಯಿಂದಲೋ ಸಂಬಳದ ಕಡಿತದಿಂದಲೋ ವಿಮಾ ಕಂತಿನಿಂದಲೋ. ಹಣ ಒಟ್ಟುಗೂಡಿಸುವುದು: ಆರೋಗ್ಯವಂತರ ಹಣ ಕಾಯಿಲೆಯವರಿಗೂ, ಉಳ್ಳವರ ಹಣ ಇಲ್ಲದವರಿಗೂ ಒದಗುವಂತೆ ಒಂದೇ ಗಂಟಿನಲ್ಲಿ ಇಡುವುದು. ಮೂರನೆಯದು ಸೇವೆ ಖರೀದಿ: ಆ ಗಂಟಿನಿಂದ ಯಾವ ಆಸ್ಪತ್ರೆಗೆ, ಯಾವ ಚಿಕಿತ್ಸೆಗೆ, ಯಾವ ಲೆಕ್ಕದಲ್ಲಿ ಹಣ ಕೊಡಬೇಕೆಂದು ನಿರ್ಧರಿಸುವುದು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಕಚೇರಿಗಳಲ್ಲಿ ‘ಖರೀದಿ’ ಎಂದ ಕೂಡಲೇ ಎಲ್ಲರ ತಲೆಗೆ ಬರುವುದು ಟೆಂಡರ್ ಮತ್ತು ಕೆಟಿಪಿಪಿ ಕಾಯ್ದೆ (ಸರ್ಕಾರಿ ಖರೀದಿ ಪಾರದರ್ಶಕವಾಗಿರಲೆಂದು ಕರ್ನಾಟಕ ಮಾಡಿಕೊಂಡ ಕಾನೂನು). ಅರ್ಧ ದಿನ ಪಾಠ ಕೇಳಿದ ಮೇಲೆ ‘ಔಷಧ ಖರೀದಿಗೆ ನಿಗಮ ಇದೆಯಲ್ಲ ಸಾರ್’ ಎಂದವರನ್ನು ನೋಡಿದ್ದೇನೆ. ಆದ್ದರಿಂದ ‘ಸೇವೆ ಖರೀದಿ’ ಎಂದೇ ಪ್ರತಿ ಸಲವೂ ಹೇಳಿ.

ಮೊದಲೇ ಹೊಂದಿಸಿಕೊಳ್ಳಬೇಕಾದವು

20ರಿಂದ 25 ಜನ. ಮೇಜು ಕುರ್ಚಿಗಳನ್ನು ಸರಿಸಬಹುದಾದ ಕೋಣೆ (ಮೆಟ್ಟಿಲು ಮೆಟ್ಟಿಲಾದ ಸಭಾಂಗಣ ಬೇಡವೇ ಬೇಡ). ಕಳೆದ ಆರೇಳು ವರ್ಷದ ಬಜೆಟ್ ಪುಸ್ತಕಗಳು. ಸಾಮಾನ್ಯ ಕ್ಯಾಲ್ಕುಲೇಟರ್‌ಗಳು. ಅರ್ಧ ಕಿಲೋ ಹುಣಸೆ ಬೀಜ. ಪ್ರೊಜೆಕ್ಟರ್ ಇದ್ದರೆ ಇರಲಿ, ಕೆಟ್ಟರೆ ಚಿಂತೆ ಬೇಡ.

ಪೂರ್ವಸಿದ್ಧತೆಗೆ ದುಡ್ಡು ಕೊಟ್ಟು ಏನನ್ನೂ ಕೊಳ್ಳಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆನ್‌ಲೈನ್ ಆರೋಗ್ಯ ಹಣಕಾಸು ಪಾಠಗಳು ಉಚಿತ. ಅದೇ ಸಂಸ್ಥೆಯ ಜಾಗತಿಕ ಆರೋಗ್ಯ ವೆಚ್ಚದ ದತ್ತಾಂಶದಲ್ಲಿ ಹೆಚ್ಚುಕಡಿಮೆ ಪ್ರತಿ ದೇಶದ ಅಂಕಿ ಸಿಗುತ್ತದೆ. ಭಾರತದ್ದಾದರೆ ರಾಷ್ಟ್ರೀಯ ಆರೋಗ್ಯ ಲೆಕ್ಕಗಳ ವರದಿಗಳಿವೆ.

ಹಂತ 1: ಯಾವ ನಿರ್ಧಾರಕ್ಕಾಗಿ ಈ ತರಬೇತಿ?

‘ಸಾಮರ್ಥ್ಯ ವೃದ್ಧಿ’ ಎಂದು ಬ್ಯಾನರ್ ಬರೆಸಿ ಶುರು ಮಾಡಿದರೆ ಊಟ ಚೆನ್ನಾಗಿತ್ತು ಎಂಬ ಅಭಿಪ್ರಾಯ ಪತ್ರದಲ್ಲಿ ಮುಗಿಯುತ್ತದೆ. ಬಂದವರು ಮುಂದಿನ ಆರು ತಿಂಗಳಲ್ಲಿ ಯಾವ ಕಡತಕ್ಕೆ ಸಹಿ ಹಾಕಬೇಕಿದೆ? ಚಿಕಿತ್ಸಾ ಪ್ಯಾಕೇಜುಗಳ (ಒಂದು ಚಿಕಿತ್ಸೆಗೆ ಎಲ್ಲ ಸೇರಿ ಒಂದೇ ದರ) ದರ ಪರಿಷ್ಕರಣೆಯೋ? ಎರಡು ಯೋಜನೆಗಳ ವಿಲೀನವೋ? ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮುಕ್ತನಿಧಿ (ಸ್ಥಳೀಯ ಅಗತ್ಯ ನೋಡಿ ಬಳಸಬಹುದಾದ ಹಣ) ಹೆಚ್ಚಿಸುವ ಪ್ರಸ್ತಾವವೋ? ಅದನ್ನು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಐದೂ ದಿನದ ಪಾಠ ಆ ವಾಕ್ಯದ ಸುತ್ತಲೇ ತಿರುಗಬೇಕು.

ದಿನಾಂಕವನ್ನೂ ಇದೇ ತೀರ್ಮಾನಿಸುತ್ತದೆ. ಕರ್ನಾಟಕದಲ್ಲಾದರೆ ಆಗಸ್ಟ್–ಸೆಪ್ಟೆಂಬರ್ ಒಳ್ಳೆಯದು, ಬಜೆಟ್ ಪ್ರಸ್ತಾವಗಳನ್ನು ಬರೆಯುವ ಮೊದಲು ಕಲಿತದ್ದು ಕೈಗೆ ಬರುತ್ತದೆ. ಮಾರ್ಚ್‌ನಲ್ಲಿ ಇಟ್ಟರೆ ಖಜಾನೆ ಬಿಲ್ಲಿನ ಫೋನುಗಳ ನಡುವೆ ಪಾಠ ಮಾಡಬೇಕಾಗುತ್ತದೆ. ಹೊರದೇಶದಲ್ಲಿ ನಡೆಸುವವರು ಅಲ್ಲಿನ ಆರ್ಥಿಕ ವರ್ಷ ನೋಡಿಕೊಳ್ಳಿ: ಘಾನಾದಲ್ಲಿ ಅದು ಜನವರಿಯಿಂದ, ಕೆನ್ಯಾದಲ್ಲಿ ಜುಲೈಯಿಂದ, ಥಾಯ್ಲೆಂಡಿನಲ್ಲಿ ಅಕ್ಟೋಬರ್‌ನಿಂದ.

ಹಂತ 2: ಕರೆಯಬೇಕಾದವರ ಪಟ್ಟಿ

ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಆರ್ಥಿಕ ಇಲಾಖೆಯವರು ಕೋಣೆಯಲ್ಲಿ ಇಲ್ಲದಿದ್ದರೆ ತರಬೇತಿ ಮುಂದೂಡಿ.

ಒಮ್ಮೆ ನಾನೇ ಎಡವಿದ್ದೇನೆ. ಬಂದವರೆಲ್ಲ ವೈದ್ಯರು. ಮೂರು ದಿನ ಕೂತು ಸೊಗಸಾದ ಪ್ರಸ್ತಾವ ಬರೆದರು. ಅದು ಆರ್ಥಿಕ ಇಲಾಖೆಯ ಮೇಜು ತಲುಪಿದಾಗ ಎರಡು ಸಾಲಿನ ಟಿಪ್ಪಣಿಯೊಂದಿಗೆ ವಾಪಸು ಬಂತು. ಯಾವ ಲೆಕ್ಕಶೀರ್ಷಿಕೆ (ಬಜೆಟ್ಟಿನಲ್ಲಿ ಖರ್ಚು ಬರೆಯುವ ಖಾತೆ), ಮುಂದಿನ ವರ್ಷಗಳಲ್ಲಿ ಎಷ್ಟು ಹೊರೆ ಎಂಬುದು ನಮ್ಮ ಪ್ರಸ್ತಾವದಲ್ಲಿ ಇರಲೇ ಇಲ್ಲ. ತಪ್ಪು ಅವರದಲ್ಲ.

25 ಜನರಲ್ಲಿ 8 ಮಂದಿಯಾದರೂ ಹಣಕಾಸು ಮತ್ತು ಯೋಜನಾ ಇಲಾಖೆಗಳವರಿರಲಿ. 8–10 ಜನ ಆರೋಗ್ಯ ಇಲಾಖೆಯವರು. ಕಾರ್ಮಿಕ ಇಲಾಖೆಯಿಂದ ಇಬ್ಬರು, ಏಕೆಂದರೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಆಸ್ಪತ್ರೆಗಳು ಅವರ ಕೈಯಲ್ಲಿವೆ. ವೈದ್ಯಕೀಯ ಶಿಕ್ಷಣ ಬೇರೆ ಇಲಾಖೆಯಾಗಿರುವ ಕಡೆ ಅವರಿಗೂ ಕರೆ ಹೋಗಲಿ, ದೊಡ್ಡ ಬೋಧನಾ ಆಸ್ಪತ್ರೆಗಳ ಖರ್ಚು ಅಲ್ಲಿದೆ.

ಹುದ್ದೆಯ ವಿಚಾರ. ಕಾರ್ಯದರ್ಶಿ, ಆಯುಕ್ತರನ್ನು ಮಾತ್ರ ಕರೆದರೆ ಆರು ತಿಂಗಳಲ್ಲಿ ವರ್ಗಾವಣೆಯಾಗಿ ಕಲಿತದ್ದು ತೋಟಗಾರಿಕೆ ಇಲಾಖೆಗೆ ಹೋಗುತ್ತದೆ. ಕಡತ ಮಂಡಿಸುವ ವಿಷಯ ನಿರ್ವಾಹಕರು, ಶಾಖಾಧಿಕಾರಿಗಳು, ಲೆಕ್ಕಪತ್ರ ವಿಭಾಗದವರು ಅದೇ ಕುರ್ಚಿಯಲ್ಲಿ ಹೆಚ್ಚು ಕಾಲ ಇರುತ್ತಾರೆ. ನೀತಿ ಎಂಬುದು ಶುರುವಾಗುವುದು ಅವರು ಬರೆಯುವ ಮೊದಲ ಪ್ಯಾರಾದಲ್ಲಿ. ಮೇಲಿನವರು ಒಬ್ಬರು, ಅವರ ಕೆಳಗೆ ಕಡತ ಬರೆಯುವವರು ಒಬ್ಬರು, ಹೀಗೆ ಜೋಡಿಯಾಗಿ ಕರೆಯಿರಿ.

ಶಾಸಕರನ್ನು ಇದರಲ್ಲಿ ಸೇರಿಸಬೇಡಿ. ಅವರಿಗೆ 90 ನಿಮಿಷದ ಪ್ರತ್ಯೇಕ ಸಭೆ ಸಾಕು. ಹಂತ 4 ಮತ್ತು 5ನ್ನು ಮಾತ್ರ ಮಾಡಿಸಿ, ಜೊತೆಗೆ ಅವರವರ ಕ್ಷೇತ್ರದ ಅಂಕಿ ಕೈಗಿಡಿ. ಅಧಿಕಾರಿಗಳ ಎದುರು ಅವರು ಪ್ರಶ್ನೆ ಕೇಳುವುದಿಲ್ಲ, ಅವರ ಎದುರು ಅಧಿಕಾರಿಗಳು ಬಾಯಿ ಬಿಡುವುದಿಲ್ಲ.

ಹಂತ 3: ಬಜೆಟ್ ಪುಸ್ತಕ ಬಿಚ್ಚಿಸಿ

ಮೊದಲ ದಿನ ಬೆಳಿಗ್ಗೆ ಉದ್ಘಾಟನೆ, ದೀಪ, ಹೂಗುಚ್ಛ ಎಲ್ಲ ಅರ್ಧ ಗಂಟೆಯಲ್ಲಿ ಮುಗಿಯಲಿ. ಆಮೇಲೆ ಒಂದೇ ಪ್ರಶ್ನೆ: ‘ನಮ್ಮ ರಾಜ್ಯ ಆರೋಗ್ಯಕ್ಕೆ ಒಟ್ಟು ಎಷ್ಟು ಖರ್ಚು ಮಾಡುತ್ತದೆ?’ ಪ್ರತಿ ಗುಂಪೂ ಪುಸ್ತಕ ನೋಡಿ ಹೇಳಬೇಕು. ನಾಲ್ಕು ಗುಂಪಿನಿಂದ ನಾಲ್ಕು ಉತ್ತರ ಬರುತ್ತದೆ. ಆ ವ್ಯತ್ಯಾಸವೇ ಪಾಠ.

ಭಾರತದ ರಾಜ್ಯಗಳಲ್ಲಿ 2210 ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯದ ಲೆಕ್ಕಶೀರ್ಷಿಕೆ, 2211 ಕುಟುಂಬ ಕಲ್ಯಾಣದ್ದು, 4210 ಕಟ್ಟಡ–ಉಪಕರಣದಂಥ ಬಂಡವಾಳ ವೆಚ್ಚದ್ದು. ಒಂದು ಗುಂಪು 4210 ಬಿಟ್ಟಿರುತ್ತದೆ. ಇನ್ನೊಂದು ಜಿಲ್ಲಾ ಪಂಚಾಯತಿಗಳ ಲಿಂಕ್ ಡಾಕ್ಯುಮೆಂಟ್ (ಅವುಗಳ ಅನುದಾನ ತೋರಿಸುವ ಬೇರೆ ಬಜೆಟ್ ಪುಸ್ತಕ) ನೋಡಿರುವುದಿಲ್ಲ. ಮತ್ತೊಂದು ಗುಂಪು ಕುಡಿಯುವ ನೀರನ್ನೂ ಸೇರಿಸಿರುತ್ತದೆ. ಯಾವುದು ಒಳಗೆ, ಯಾವುದು ಹೊರಗೆ ಎಂದು ಅವರೇ ಜಗಳ ಮಾಡಲಿ, ನೀವು ಬಿಡಿಸಲು ಹೋಗಬೇಡಿ.

ಎರಡನೇ ಪ್ರಶ್ನೆ ಮೂರು ಅಂಕಣಗಳದ್ದು. ಬಜೆಟ್ ಅಂದಾಜು ಎಂದರೆ ವರ್ಷದ ಆರಂಭದಲ್ಲಿ ಹೇಳಿದ್ದು. ಪರಿಷ್ಕೃತ ಅಂದಾಜು ವರ್ಷದ ನಡುವೆ ತಿದ್ದಿದ್ದು. ಲೆಕ್ಕ ಎಂದರೆ ನಿಜಕ್ಕೂ ಖರ್ಚಾದದ್ದು. ಘೋಷಣೆಗಳು ಮೊದಲ ಅಂಕಣದಲ್ಲಿರುತ್ತವೆ, ಮಾತ್ರೆ–ಔಷಧ ಮೂರನೆಯದರಲ್ಲಿ. ಇದೇ ಮೂರು ಅಂಕಣವನ್ನು ನಾಲ್ಕೈದು ವರ್ಷಕ್ಕೆ ಬರೆಸಿ. ‘ಅನುದಾನ ಸಾಲದು’ ಎನ್ನುತ್ತಿದ್ದವರು ‘ಕೊಟ್ಟದ್ದೇ ಯಾಕೆ ಖರ್ಚಾಗಲಿಲ್ಲ?’ ಎಂದು ಕೇಳಿಕೊಳ್ಳಲು ಶುರು ಮಾಡುತ್ತಾರೆ. ತಡವಾದ ಬಿಡುಗಡೆ, ಸಲ್ಲಿಸದ ಹಣ ಬಳಕೆ ಪ್ರಮಾಣಪತ್ರ, ಖಾಲಿ ಹುದ್ದೆ: ಉತ್ತರ ಸಾಮಾನ್ಯವಾಗಿ ಈ ಮೂರರಲ್ಲಿ ಇರುತ್ತದೆ.

ಎಚ್ಚರಿಕೆ: ಶೇಕಡಾವಾರು ಅಂಕಿಗಳು ಮೋಸ ಮಾಡುತ್ತವೆ. ಭಾರತದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಸ್ವಂತ ಜೇಬಿನಿಂದ ಕೊಡುವ ಪಾಲು 2013–14ರಲ್ಲಿ ಶೇ 64.2 ಇತ್ತು, 2021–22ರಲ್ಲಿ ಶೇ 39.4ಕ್ಕೆ ಇಳಿಯಿತು. ಒಳ್ಳೆಯ ಸುದ್ದಿಯೇ. ಆದರೆ ಈ ಲೆಕ್ಕವನ್ನು ಹಲಗೆಯ ಮೇಲೆ ಬರೆಯಿರಿ: ಜನ 60 ರೂಪಾಯಿ, ಸರ್ಕಾರ 40 ರೂಪಾಯಿ ಖರ್ಚು ಮಾಡಿದರೆ ಜನರ ಪಾಲು ಶೇ 60. ಸರ್ಕಾರದ ಖರ್ಚು 90 ರೂಪಾಯಿಗೆ ಏರಿ, ಜನ ಅದೇ 60 ಕೊಟ್ಟರೆ ಪಾಲು ಶೇ 40. ಜನರಿಗೆ ಒಂದು ರೂಪಾಯಿಯೂ ಉಳಿತಾಯವಾಗಿಲ್ಲ! 2021–22 ಕೋವಿಡ್ ಕಾಲ, ಸರ್ಕಾರದ ಖರ್ಚು ಏರಿದ್ದ ವರ್ಷ ಎಂಬುದನ್ನೂ ಜೊತೆಗೆ ಹೇಳಿ. ಇಷ್ಟು ಹೇಳಿದರೆ ಮುಂದೆ ಯಾವ ಪತ್ರಿಕಾ ಪ್ರಕಟಣೆಯನ್ನೂ ಅವರು ಮೊದಲಿನಂತೆ ಓದುವುದಿಲ್ಲ.

ಹಂತ 4: ಒಂದು ಮನೆಯ ಲೆಕ್ಕ

ಮೊದಲ ದಿನದ ಮಧ್ಯಾಹ್ನ ರಾಜ್ಯ ಬಿಟ್ಟು ಮನೆಗೆ ಬನ್ನಿ. ಚಿಕಿತ್ಸೆಯ ಖರ್ಚು ಮನೆಯ ವಾರ್ಷಿಕ ವೆಚ್ಚದ ಶೇ 10 ದಾಟಿದರೆ, ಕೆಲವು ಲೆಕ್ಕಗಳಲ್ಲಿ ಶೇ 25 ದಾಟಿದರೆ, ಅದನ್ನು ವಿಪತ್ಕಾರಿ ವೆಚ್ಚ ಎಂದು ಬಹುಕಾಲದಿಂದ ಅಳೆಯುತ್ತಾ ಬಂದಿದ್ದಾರೆ. ವ್ಯಾಖ್ಯೆ ಓದಿ ಮುಗಿಸಬೇಡಿ. ಒಂದು ಕಾಲ್ಪನಿಕ ಮನೆ ಕೊಡಿ.

ತಿಂಗಳ ಖರ್ಚು 15,000 ರೂಪಾಯಿ, ವರ್ಷಕ್ಕೆ 1,80,000. ಯಜಮಾನನಿಗೆ ಹರ್ನಿಯಾ ಆಪರೇಷನ್, ಆಸ್ಪತ್ರೆಯ ಬಿಲ್ಲನ್ನು ಸರ್ಕಾರದ ಆರೋಗ್ಯ ಯೋಜನೆಯೇ ಕಟ್ಟಿತು. ಆದರೆ ದಾಖಲಾಗುವ ಮುಂಚೆ ಖಾಸಗಿ ಕ್ಲಿನಿಕ್ಕಿಗೆ 1,500, ಸ್ಕ್ಯಾನ್ ಮತ್ತು ಪರೀಕ್ಷೆಗೆ 3,500, ಸ್ಟಾಕ್ ಇಲ್ಲವೆಂದು ಹೊರಗೆ ಬರೆದುಕೊಟ್ಟ ಔಷಧಕ್ಕೆ 4,200, ತಿಂಗಳ ನಂತರದ ತಪಾಸಣೆ–ಮಾತ್ರೆಗೆ 2,800. ಒಟ್ಟು 12,000. ಶೇ 10ರ ಗೆರೆ 18,000ದಲ್ಲಿದೆ, ಆದ್ದರಿಂದ ಪುಸ್ತಕದ ಪ್ರಕಾರ ಈ ಮನೆ ಕ್ಷೇಮ.

ಈಗ ಉಳಿದದ್ದನ್ನು ಸೇರಿಸಲು ಹೇಳಿ. ಬಸ್ಸು, ಆಟೋ, ಜೊತೆಗಿದ್ದವರ ಊಟ 3,600. ರೋಗಿಯ 20 ದಿನದ ಕೂಲಿ ದಿನಕ್ಕೆ 500ರಂತೆ 10,000. ನೋಡಿಕೊಂಡ ಹೆಂಡತಿಯ 6 ದಿನದ ಕೂಲಿ 400ರಂತೆ 2,400. ಎಲ್ಲ ಸೇರಿ 28,000. ಮನೆ ಮುಳುಗಿತು, ವರದಿಯಲ್ಲಿ ಮಾತ್ರ ಮುಳುಗಿಲ್ಲ, ಏಕೆಂದರೆ ಕೂಲಿ ನಷ್ಟ ಆ ಅಳತೆಗೆ ಸಿಕ್ಕುವುದೇ ಇಲ್ಲ.

ಕೊನೆಗೆ ಇನ್ನೊಂದು ಮನೆ: ಅದೇ ಕಾಯಿಲೆ, ಆಸ್ಪತ್ರೆಗೇ ಹೋಗಲಿಲ್ಲ. ಖರ್ಚು ಸೊನ್ನೆ. ಅಂಕಿಅಂಶದಲ್ಲಿ ಅದು ಎಲ್ಲರಿಗಿಂತ ಸುಖಿ ಮನೆ. ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಿರಿ, ವಿವರಿಸಬೇಡಿ.

ಹಂತ 5: ಹುಣಸೆ ಬೀಜದ ಆಟ

ಹಣ ಒಟ್ಟುಗೂಡಿಸುವುದನ್ನು ಸ್ಲೈಡಿನಲ್ಲಿ ತೋರಿಸಿದರೆ ಎಲ್ಲರೂ ತಲೆ ಆಡಿಸುತ್ತಾರೆ, ಯಾರಿಗೂ ಅರ್ಥವಾಗಿರುವುದಿಲ್ಲ. ಎರಡನೇ ದಿನ ಬೆಳಿಗ್ಗೆ ಆಟ ಆಡಿಸಿ. 24 ಜನ, ತಲೆಗೆ 10 ಬೀಜ. ಒಂದು ಡಬ್ಬಿಯಲ್ಲಿ ಮಡಿಸಿದ 24 ಚೀಟಿ: 18 ಖಾಲಿ, 4ರಲ್ಲಿ ‘ಜ್ವರ, 4 ಬೀಜ’, 2ರಲ್ಲಿ ‘ಆಪರೇಷನ್, 50 ಬೀಜ’.

ಮೊದಲ ಸುತ್ತು. ಪ್ರತಿಯೊಬ್ಬರೂ ಚೀಟಿ ಎತ್ತಿ ತಮ್ಮ ಖರ್ಚನ್ನು ತಾವೇ ಕಟ್ಟಬೇಕು. ಆಪರೇಷನ್ ಬಂದ ಇಬ್ಬರ ಬಳಿ ಇರುವುದು 10, ಬೇಕಾದದ್ದು 50. ತಲಾ 40 ಬೀಜ ಸಾಲ. ಉಳಿದವರು ನಗುತ್ತಾರೆ, ನಗಲಿ.

ಎರಡನೇ ಸುತ್ತು. ಆರಾರು ಜನರ ನಾಲ್ಕು ಗುಂಪು, ಚೀಟಿ ಎತ್ತುವ ಮೊದಲೇ ತಲೆಗೆ 5ರಂತೆ ಗುಂಪಿನ ಗಂಟಿಗೆ 30 ಬೀಜ. ಆಪರೇಷನ್ ಬಂದ ಗುಂಪು 30 ಬೀಜದಲ್ಲಿ 50 ಕಟ್ಟಲಾರದು. ಏನೂ ಬಾರದ ಗುಂಪಿನಲ್ಲಿ 30 ಬೀಜ ಸುಮ್ಮನೆ ಬಿದ್ದಿರುತ್ತದೆ. ಸಣ್ಣ ಸಣ್ಣ ಗಂಟು ಕಟ್ಟಿದರೆ ಆಗುವುದೇ ಇದು.

ಮೂರನೇ ಸುತ್ತು. ಎಲ್ಲ 24 ಜನರ 5 ಬೀಜ ಒಂದೇ ಗಂಟಿಗೆ, 120. ಒಟ್ಟು ಖರ್ಚು 116. ಎಲ್ಲರಿಗೂ ಚಿಕಿತ್ಸೆ ಆಯಿತು, 4 ಬೀಜ ಉಳಿಯಿತು, ಯಾರೂ ಸಾಲಗಾರರಾಗಲಿಲ್ಲ.

ನಾಲ್ಕನೇ ಸುತ್ತೇ ನನಗೆ ಇಷ್ಟ. ಈ ಸಲ ಚೀಟಿಯನ್ನು ಮೊದಲೇ ಓದಲು ಬಿಡಿ, ಆಮೇಲೆ ‘ಇಷ್ಟವಿದ್ದವರು 5 ಬೀಜ ಕಟ್ಟಿ ಸೇರಿ’ ಎನ್ನಿ. ಖಾಲಿ ಚೀಟಿಯವರು ಕೈ ಕಟ್ಟಿ ಕೂರುತ್ತಾರೆ. ಸೇರುವುದು ಕಾಯಿಲೆಯ 6 ಜನ. ಗಂಟಿನಲ್ಲಿ 30, ಖರ್ಚು 116. ಇದನ್ನು ಪ್ರತಿಕೂಲ ಆಯ್ಕೆ ಎನ್ನುತ್ತಾರೆ: ಸೇರುವುದು ಇಚ್ಛೆಗೆ ಬಿಟ್ಟದ್ದಾದರೆ ಕಾಯಿಲೆಯ ಭಯ ಇದ್ದವರೇ ಹೆಚ್ಚು ಸೇರಿ ನಿಧಿ ಸೋರುತ್ತದೆ. ಸ್ವಯಂಪ್ರೇರಿತ ವಿಮೆಯಿಂದ ಇಡೀ ದೇಶವನ್ನು ಒಳಗೊಳ್ಳುವುದು ಯಾಕೆ ಕಷ್ಟ ಎಂಬುದಕ್ಕೆ ಬೇರೆ ಉಪನ್ಯಾಸ ಬೇಕಿಲ್ಲ.

ಆಟ ಮುಗಿದ ಮೇಲೆ ‘ಇದು ನಮ್ಮ ಚೀಟಿ ವ್ಯವಹಾರದಂತೆಯೇ ಅಲ್ಲವಾ?’ ಎಂದು ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ. ಅಲ್ಲ. ಚೀಟಿಯಲ್ಲಿ ಪ್ರತಿಯೊಬ್ಬರ ಸರದಿಯೂ ಬರುತ್ತದೆ, ಹಾಕಿದ್ದು ವಾಪಸು ಬರುತ್ತದೆ. ಇಲ್ಲಿ ನನ್ನ ಸರದಿ ಬಾರದಿದ್ದರೇ ನನಗೆ ಒಳ್ಳೆಯದು. ‘ಕಟ್ಟಿದ ಹಣ ದಂಡವಾಯಿತು’ ಎಂದು ಸದಸ್ಯರು ಗೊಣಗುವುದರ ಬೇರು ಈ ಗೊಂದಲದಲ್ಲಿದೆ. ಇಷ್ಟು ಚರ್ಚೆಗೆ ಸಮಯ ಇಟ್ಟುಕೊಳ್ಳಿ.

ನಂತರ ಬೀಜ ಎತ್ತಿಟ್ಟು, ನಿಮ್ಮ ರಾಜ್ಯದ ಗಂಟುಗಳ ಪಟ್ಟಿ ಮಾಡಿಸಿ. ಕರ್ನಾಟಕವಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ, ಸಹಕಾರಿ ಸದಸ್ಯರ ಯಶಸ್ವಿನಿ, ಸರ್ಕಾರಿ ನೌಕರರ ಯೋಜನೆ, ಪೊಲೀಸರ ಆರೋಗ್ಯ ಭಾಗ್ಯ, ಕಾರ್ಖಾನೆ ಕಾರ್ಮಿಕರ ಇಎಸ್‌ಐ, ಕೇಂದ್ರ ನೌಕರರ ಸಿಜಿಎಚ್‌ಎಸ್. ಒಂದೇ ಬೀದಿಯ ಆರು ಮನೆಗೆ ಆರು ಗಂಟು. ಎರಡನೇ ಸುತ್ತಿನ ಆರಾರು ಜನರ ಗುಂಪು ಅವರಿಗೆ ತಾನಾಗಿ ನೆನಪಾಗುತ್ತದೆ.

ಹಂತ 6: ಹಣ ಎಲ್ಲಿಂದ?

ಈ ಹಂತದಲ್ಲಿ ಅರ್ಧ ದಿನಕ್ಕಿಂತ ಹೆಚ್ಚು ಕಳೆಯಬೇಡಿ. ‘ಜಿಡಿಪಿಯ ಶೇ 2.5 ಬೇಕು’ ಎಂಬ ಗುರಿ 2017ರ ನಮ್ಮ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿದೆ, 2025ರೊಳಗೆ ಎಂದು. 2021–22ರಲ್ಲಿ ಕೇಂದ್ರ–ರಾಜ್ಯ ಎಲ್ಲ ಸೇರಿ ಮುಟ್ಟಿದ್ದು ಶೇ 1.84. ಆಫ್ರಿಕಾದ ದೇಶಗಳು 2001ರಲ್ಲಿ ಅಬುಜಾದಲ್ಲಿ ಸೇರಿ ಬಜೆಟ್ಟಿನ ಶೇ 15 ಆರೋಗ್ಯಕ್ಕೆ ಎಂದು ಮಾತು ಕೊಟ್ಟವು, ಉಳಿಸಿಕೊಂಡವು ಕೆಲವೇ ಕೆಲವು. ಗುರಿಗಳನ್ನು ಹಲಗೆಯ ಮೂಲೆಯಲ್ಲಿ ಬರೆದು, ಹೇಗೆ ಎಂಬ ಪ್ರಶ್ನೆಗೆ ಬನ್ನಿ.

ಘಾನಾದ ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 2003ರ ಕಾಯ್ದೆಯ ಮೂಲಕ ಅಲ್ಲಿ ರಾಷ್ಟ್ರೀಯ ಆರೋಗ್ಯ ವಿಮೆ ಬಂತು. ಹೆಸರು ವಿಮೆ, ಆದರೆ ದೊಡ್ಡ ಪಾಲು ಹಣ ಬರುವುದು ಸರಕು–ಸೇವೆಗಳ ಮೇಲಿನ ಶೇ 2.5ರ ವಿಶೇಷ ತೆರಿಗೆಯಿಂದ. ಸಂತೆಯ ವ್ಯಾಪಾರಿಯಿಂದ, ರೈತನಿಂದ ತಿಂಗಳು ತಿಂಗಳು ಕಂತು ವಸೂಲಿ ಮಾಡುವುದು ಅಲ್ಲೂ ಕಷ್ಟ, ಇಲ್ಲೂ ಕಷ್ಟ. ಆದರೆ ಹೀಗೆ ಒಂದೇ ಉದ್ದೇಶಕ್ಕೆ ಮೀಸಲಿಟ್ಟ ತೆರಿಗೆ ಕೂಡ ಪೂರ್ತಿ ಭದ್ರವಲ್ಲ. ಮೀಸಲು ನಿಧಿಗಳಿಗೆಲ್ಲ ಹೋಗುವ ಹಣಕ್ಕೆ ತೆರಿಗೆ ಆದಾಯದ ಶೇ 25ರ ಮಿತಿ ಹಾಕುವ ಕಾನೂನನ್ನು 2017ರಲ್ಲಿ ಅಲ್ಲಿನ ಸರ್ಕಾರವೇ ತಂದಿತು. ‘ಆರೋಗ್ಯ ಸೆಸ್ ಹಾಕಿಬಿಡೋಣ’ ಎನ್ನುವವರು ಕೋಣೆಯಲ್ಲಿ ಇದ್ದೇ ಇರುತ್ತಾರೆ, ಅವರಿಗೆ ಉತ್ತರ ಕೊಡುವ ಕೆಲಸವನ್ನು ಆರ್ಥಿಕ ಇಲಾಖೆಯವರಿಗೆ ಬಿಡಿ.

ಹಂತ 7: ಮೂರು ಮೇಜು, ಮೂರು ಆಸ್ಪತ್ರೆ

ಮೂರನೇ ದಿನ ಪೂರ್ತಿ ಸೇವೆ ಖರೀದಿಗೆ. ನನ್ನ ಅನುಭವದಲ್ಲಿ ನೀತಿ ರೂಪಿಸುವವರು ಅತಿ ಕಡಿಮೆ ಗಮನ ಕೊಡುವ, ಅತಿ ಹೆಚ್ಚು ಹಣ ಸೋರುವ ಜಾಗ ಇದೇ.

ಮೂರು ಮೇಜು ಹಾಕಿ, ಒಂದೊಂದೂ ಒಂದು ಆಸ್ಪತ್ರೆ. ಪ್ರತಿ ಮೇಜಿಗೂ 20 ರೋಗಿ ಚೀಟಿ, ಅದರಲ್ಲಿ ಲಕ್ಷಣ ಮಾತ್ರ ಬರೆದಿರಲಿ. 14 ಸಣ್ಣ ತೊಂದರೆ, 6 ದೊಡ್ಡವು. ಪ್ರತಿ ಪರೀಕ್ಷೆ ಅಥವಾ ಚಿಕಿತ್ಸೆಗೆ ಆಸ್ಪತ್ರೆಗೆ 1 ಬೀಜ ಖರ್ಚು. ಹಣ ಬರುವ ರೀತಿ ಮಾತ್ರ ಬೇರೆ ಬೇರೆ.

ಮೊದಲ ಮೇಜಿಗೆ ಮಾಡಿದ ಪ್ರತಿ ಸೇವೆಗೂ 2 ಬೀಜ. ಇದು ಸೇವೆಗೊಂದು ಶುಲ್ಕ. ಎರಡನೆಯದಕ್ಕೆ 20 ರೋಗಿಗಳಿಗೆಂದು ಮುಂಗಡವಾಗಿ 40 ಬೀಜ, ಉಳಿದದ್ದು ಅವರದೇ. ಇದು ತಲಾವಾರು ಪಾವತಿ. ಮೂರನೆಯದಕ್ಕೆ ರೋಗನಿದಾನದ ಪ್ರಕಾರ ಪ್ಯಾಕೇಜ್: ಸಣ್ಣದಕ್ಕೆ 3, ದೊಡ್ಡದಕ್ಕೆ 8. ‘ಕೊನೆಗೆ ಹೆಚ್ಚು ಬೀಜ ಉಳಿಸಿದವರು ಗೆದ್ದಂತೆ’ ಎಂದು ಹೇಳಿ 20 ನಿಮಿಷ ಬಿಟ್ಟುಬಿಡಿ.

ಮೊದಲ ಮೇಜಿನಲ್ಲಿ ನೆಗಡಿಗೂ ಸ್ಕ್ಯಾನ್ ಬರೆದಿರುತ್ತಾರೆ. ಎರಡನೇ ಮೇಜು ‘ದೊಡ್ಡಾಸ್ಪತ್ರೆಗೆ ಹೋಗಿ’ ಎಂದು ಚೀಟಿಗಳನ್ನು ಪಕ್ಕಕ್ಕೆ ಸರಿಸಿರುತ್ತದೆ. ಮೂರನೆಯದರ ಲೆಕ್ಕ ಪ್ರಾಮಾಣಿಕವಾಗಿದ್ದರೆ 14 ಸಲ 3, 6 ಸಲ 8, ಒಟ್ಟು 90 ಬರಬೇಕು. 90ಕ್ಕೆ ನಿಂತರೆ ಆಶ್ಚರ್ಯ: ಹೊಟ್ಟೆನೋವು ಅಷ್ಟರಲ್ಲಿ ಅಪೆಂಡಿಕ್ಸ್ ಆಗಿರುತ್ತದೆ. ಸಣ್ಣ ಕಾಯಿಲೆಯನ್ನು ಬಿಲ್ಲಿನಲ್ಲಿ ದೊಡ್ಡ ಕಾಯಿಲೆಯ ಕೋಡ್‌ಗೆ ಏರಿಸುವ ಈ ಚಾಳಿಗೆ ವಿಮೆಯವರು ಅಪ್‌ಕೋಡಿಂಗ್ ಎನ್ನುತ್ತಾರೆ. ಆಟ ಆಡಿದವರು ಪ್ರಾಮಾಣಿಕ ಸರ್ಕಾರಿ ಅಧಿಕಾರಿಗಳು! ಕೆಟ್ಟ ಜನ ಬೇಕಿಲ್ಲ, ಪಾವತಿಯ ವಿಧಾನವೇ ಕೈ ಹಿಡಿದು ನಡೆಸುತ್ತದೆ ಎಂಬುದನ್ನು ಅವರ ಬಾಯಿಂದಲೇ ಬರಿಸಿ.

ಆಮೇಲೆ ನಿಜದ ವ್ಯವಸ್ಥೆಗೆ ಬನ್ನಿ. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಮಾ ಕಂಪನಿ ಇಲ್ಲದೆ ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗಳಿಗೆ ಪ್ಯಾಕೇಜ್ ದರದಲ್ಲಿ ಹಣ ಕೊಡುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ, 1.5 ಲಕ್ಷದ ಮಿತಿಯಲ್ಲಿ. ಉಳಿದ ಶೇ 70 ಎಪಿಎಲ್ ಮನೆ ಎಲ್ಲಿಂದ ತರುತ್ತದೆ? ಹಂತ 4ರ ಹಾಳೆಯನ್ನು ಮತ್ತೆ ತೆಗೆಸಿ.

ದತ್ತಾಂಶ ಪರಿಶೀಲನೆಯ ಪಾಠವನ್ನೂ ಇಲ್ಲೇ ಸೇರಿಸಿ. ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯ ಬಗ್ಗೆ 2023ರಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ (ಸರ್ಕಾರಿ ಲೆಕ್ಕ ತಪಾಸಣೆ ಮಾಡುವ ಸಂಸ್ಥೆ) ವರದಿಯಲ್ಲಿ ಸುಮಾರು 7.5 ಲಕ್ಷ ಫಲಾನುಭವಿಗಳ ಹೆಸರಿಗೆ ಒಂದೇ ಮೊಬೈಲ್ ಸಂಖ್ಯೆ ಇದ್ದ ಸಂಗತಿ ಹೊರಬಿತ್ತು. ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಕಾಣುವ ಅಂಕಿಯ ಹಿಂದೆ ಏನಿದೆ ಎಂದು ಕೇಳುವ ಅಭ್ಯಾಸ ಮಾಡಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಹಂತ 8: ಹೊರದೇಶದ ಪಾಠವನ್ನು ಓದುವ ಬಗೆ

ನಾಲ್ಕನೇ ದಿನ ಬೆಳಿಗ್ಗೆ ಒಂದೇ ಒಂದು ದೇಶ. ನಾನು ಥಾಯ್ಲೆಂಡ್ ಆರಿಸಿಕೊಳ್ಳುತ್ತೇನೆ. ಎಲ್ಲರಿಗೂ ಗೊತ್ತಿರುವ ಭಾಗ 30 ಬಾತ್ (ಅಲ್ಲಿನ ನಾಣ್ಯ): ಪ್ರತಿ ಭೇಟಿಗೆ ಅಷ್ಟು ಕೊಟ್ಟರೆ ಸಾಕು ಎಂಬ ಚುನಾವಣಾ ಘೋಷಣೆ. 2001ರ ಏಪ್ರಿಲ್‌ನಲ್ಲಿ 6 ಪ್ರಾಂತ್ಯಗಳಲ್ಲಿ ಶುರುವಾಗಿ 2002ರ ಹೊತ್ತಿಗೆ ಇಡೀ ದೇಶಕ್ಕೆ ಹಬ್ಬಿತು, ಅದೇ ವರ್ಷ ಕಾಯ್ದೆಯೂ ಆಯಿತು. ಹಣ ತೆರಿಗೆಯಿಂದ. 2002ರಲ್ಲಿ ತಲೆಗೆ ಸುಮಾರು 1,202 ಬಾತ್ ಎಂದು ಲೆಕ್ಕ ಕಟ್ಟಿ ಬಜೆಟ್ ಕೇಳಿದರು. ಹೊರರೋಗಿ ಸೇವೆಗೆ ತಲಾವಾರು ಪಾವತಿ, ಒಳರೋಗಿಗೆ ಒಟ್ಟು ಮೊತ್ತದ ಮಿತಿಯೊಳಗೆ ರೋಗನಿದಾನದ ಲೆಕ್ಕ.

ಗೊತ್ತಿಲ್ಲದ ಭಾಗ ಹೆಚ್ಚು ಮುಖ್ಯ. ಹೊಸ ವೈದ್ಯರಿಗೆ ಗ್ರಾಮೀಣ ಸೇವೆ ಕಡ್ಡಾಯವಾದದ್ದು 1972ರಲ್ಲಿ. ಜಿಲ್ಲೆ ಜಿಲ್ಲೆಗೂ ಆಸ್ಪತ್ರೆ ಕಟ್ಟುವ ಕೆಲಸ ಅದರ ಮುಂದಿನ ಎರಡು ದಶಕಗಳಲ್ಲಿ ನಡೆಯಿತು. ಸಂಗ್ವಾನ್ ನಿತ್ತಯಾರಂಫೊಂಗ್ ಅವರಂಥ ಹಳ್ಳಿ ಆಸ್ಪತ್ರೆಯ ಅನುಭವ ಇದ್ದ ವೈದ್ಯರು ವರ್ಷಗಟ್ಟಲೆ ಲೆಕ್ಕ ಸಿದ್ಧ ಮಾಡಿಟ್ಟುಕೊಂಡು ರಾಜಕೀಯ ಅವಕಾಶಕ್ಕೆ ಕಾದಿದ್ದರು. ಘೋಷಣೆ ಬಂದಾಗ ಕಡತ ತಯಾರಿತ್ತು.

ಪ್ರತಿ ಗುಂಪಿಗೂ ಎರಡು ಅಂಕಣದ ಹಾಳೆ ಕೊಡಿ: ‘ಅಲ್ಲಿ ಮೊದಲೇ ಇದ್ದದ್ದು’, ‘ನಮ್ಮಲ್ಲಿ ಇದೆಯೇ?’ ಇದು ತುಂಬಿದರೆ ಸಾಕು, ‘ನಾವೂ ಹಾಗೇ ಮಾಡೋಣ’ ಎಂಬ ಉತ್ಸಾಹ ಹದಕ್ಕೆ ಬರುತ್ತದೆ. ಐದಾರು ದೇಶಗಳ ಸ್ಲೈಡ್ ತೋರಿಸಬೇಡಿ, ಅದು ಪ್ರವಾಸ ಕಥನವಾಗುತ್ತದೆ.

ಹಂತ 9: ಟಿಪ್ಪಣಿ ಬರೆಸಿ

ನಾಲ್ಕನೇ ದಿನ ಮಧ್ಯಾಹ್ನದಿಂದ ಐದನೇ ದಿನದವರೆಗೆ ಉಪನ್ಯಾಸ ಬಂದ್. ಹಂತ 1ರಲ್ಲಿ ಬರೆದಿಟ್ಟ ನಿರ್ಧಾರದ ಮೇಲೆ ಪ್ರತಿ ಗುಂಪೂ ಎರಡು ಪುಟದ ಕಚೇರಿ ಟಿಪ್ಪಣಿ ಬರೆಯಬೇಕು. ವರದಿ ಬೇಡ, ಪವರ್‌ಪಾಯಿಂಟ್ ಬೇಡ. ಇ-ಆಫೀಸಿನಲ್ಲಿ ಅವರು ದಿನಾ ಬರೆಯುವ ಧಾಟಿಯಲ್ಲೇ: ವಿಷಯ, ಹಿನ್ನೆಲೆ, ಪ್ರಸ್ತಾವ, ಲೆಕ್ಕಶೀರ್ಷಿಕೆ, ಈ ವರ್ಷದ ಮತ್ತು ಮುಂದಿನ ಮೂರು ವರ್ಷದ ಹೊರೆ, ಯಾರಿಗೆ ಲಾಭ, ಯಾರು ವಿರೋಧಿಸಬಹುದು.

ಕೊನೆಯ ಅಂಶಕ್ಕೆ ಒತ್ತು ಕೊಡಿ. ಯೋಜನೆಗಳನ್ನು ವಿಲೀನ ಮಾಡುವುದು ಹುಣಸೆ ಬೀಜದಲ್ಲಿ ಸುಲಭ. ನಿಜದಲ್ಲಿ ಈಗಾಗಲೇ ಹೆಚ್ಚಿನ ಸೌಲಭ್ಯ ಇರುವ ನೌಕರರ ಸಂಘ ಬೀದಿಗೆ ಇಳಿಯುತ್ತದೆ, ದರ ಸಾಲದೆಂದು ಖಾಸಗಿ ಆಸ್ಪತ್ರೆಗಳು ಪಟ್ಟು ಹಿಡಿಯುತ್ತವೆ. ಟಿಪ್ಪಣಿಯಲ್ಲಿ ಅದಕ್ಕೊಂದು ಪ್ಯಾರಾ ಇಲ್ಲದಿದ್ದರೆ ವಾಪಸು ಕೊಡಿ.

ಐದನೇ ದಿನ ಮಧ್ಯಾಹ್ನ ಪಾತ್ರ ಬದಲಿಸಿ. ವೈದ್ಯರು ಬರೆದ ಟಿಪ್ಪಣಿಯನ್ನು ಆರ್ಥಿಕ ಇಲಾಖೆಯವರು ಪರಿಶೀಲಿಸಿ ಷರಾ ಬರೆಯಲಿ. ಆಮೇಲೆ ಆರ್ಥಿಕ ಇಲಾಖೆಯವರು ಪ್ರಸ್ತಾವ ಮಂಡಿಸಿ, ವೈದ್ಯರು ಆಕ್ಷೇಪಿಸಲಿ. ಈ ಒಂದೂವರೆ ಗಂಟೆಯಲ್ಲಿ ಜೋರು ನಗು, ಸ್ವಲ್ಪ ಬಿಸಿ ಮಾತು ಎರಡೂ ಇರುತ್ತವೆ. ತಡೆಯಬೇಡಿ.

ಹಂತ 10: ಆರು ತಿಂಗಳ ನಂತರ

ಪೂರ್ವ ಪರೀಕ್ಷೆ, ಉತ್ತರ ಪರೀಕ್ಷೆ ಎಂದು ಅಂಕ ಏರಿದ್ದನ್ನು ತೋರಿಸಿ ವರದಿ ಬರೆಯಬೇಡಿ. ಐದು ದಿನ ಕೇಳಿದ್ದನ್ನು ಐದನೇ ಸಂಜೆ ಯಾರು ಬೇಕಾದರೂ ಬರೆಯುತ್ತಾರೆ.

ಎಲ್ಲರನ್ನೂ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಡಿ, ಶುಭೋದಯ ಸಂದೇಶ ನಿಷೇಧ ಎಂದು ಮೊದಲೇ ಹೇಳಿ. ಆರು ತಿಂಗಳಾದ ಮೇಲೆ ಪ್ರತಿ ಜೋಡಿಗೂ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ. ನಿಮ್ಮ ಟಿಪ್ಪಣಿ ಈಗ ಯಾರ ಮೇಜಿನಲ್ಲಿದೆ? ಆರ್ಥಿಕ ಇಲಾಖೆಯಿಂದ ಎಷ್ಟು ಸಲ ವಾಪಸು ಬಂತು, ಯಾವ ಷರಾದೊಂದಿಗೆ? ನೀವಿನ್ನೂ ಅದೇ ಹುದ್ದೆಯಲ್ಲಿ ಇದ್ದೀರಾ?

ಮೂರನೆಯದಕ್ಕೆ ‘ಇಲ್ಲ’ ಎಂದರೆ ಹೊಸಬರ ನಂಬರ್ ತೆಗೆದುಕೊಳ್ಳಿ. ಮುಂದಿನ ತಂಡದ ಪಟ್ಟಿಯಲ್ಲಿ ಮೊದಲ ಹೆಸರು ಅವರದೇ.